ಅರ್ಧ ತಿಕ್ಕಿದ ಬೆನ್ನು

ಕೆಮ್ಮು — ಎರಡು ಸಣ್ಣದು, ಆಮೇಲೆ ಒಂದು ಉದ್ದ, ಕೊನೆಗೆ ಗಂಟಲು ಕೆರೆದು ತಟಕ್ಕನೆ ನಿಲ್ಲುವುದು — ಈ ಕೆಮ್ಮು ನನಗೆ ಗೊತ್ತು, ತಲೆ ಎತ್ತಬಾರದು, ಎತ್ತುವುದಿಲ್ಲ, ನೆವಿಲ್ ಕಟ್ಸ್, ನಿನ್ನ ಪಾಡಿಗೆ ನೀನು ಈ ಗುಲಾಬಿ ಗಿಡಗಳ ಪುಸ್ತಕ ಹಿಡಿದುಕೊಂಡು ಕೂತಿರು, ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದರೆ ಏನು ಮಾಡಬೇಕು ಎಂದು ಬರೆದಿದ್ದಾರೆ, ಓದು, ನಿನ್ನ ಹಿತ್ತಲಲ್ಲಿ ಒಂದೂ ಗುಲಾಬಿ ಗಿಡ ಇಲ್ಲದಿದ್ದರೆ ಏನಂತೆ — ಎದೆಯ ಎಕ್ಸ್‌ರೇ ತೆಗೆಯುವಲ್ಲಿಗೆ ಕೆಮ್ಮದವರು ಯಾಕೆ ಬರುತ್ತಾರೆ, ಈ ಸೀಮೆಯಲ್ಲಿ ಕೆಮ್ಮುವ ಮುದುಕರಿಗೇನು ಬರವೇ, ಅವನೇ ಆಗಬೇಕೆಂದೇನಿದೆ, ಆದರೆ ಕಿವಿ ನನ್ನ ಮಾತು ಕೇಳುತ್ತಿಲ್ಲ, ಕತ್ತಲಲ್ಲಿ ದುಡಿದವನ ಕಿವಿ ಇದು, ಮುಂದೆ ಹೋಗುತ್ತಿರುವವನು ಯಾರೆಂದು ಬೂಟಿನ ಸದ್ದಿನಲ್ಲೇ ಹೇಳುತ್ತಿತ್ತು, ಕೆಮ್ಮಿದರಂತೂ ಅವನು ಬೆಳಿಗ್ಗೆ ಏನು ತಿಂದಿದ್ದಾನೆಂದೂ ಹೇಳುತ್ತಿತ್ತು — ಮೀನಿನ ತೊಟ್ಟಿಯ ಆಚೆ ಕುರ್ಚಿ ಕಿರುಗುಟ್ಟಿತು, ಕೂತ, ಪುಸ್ತಕದ ಅಂಚಿನ ಕೆಳಗೆ ಬೂಟು ಕಾಣುತ್ತಿದೆ, ಕಂದು ಬೂಟು, ಹೊಳೆಯುವ ಹಾಗೆ ಪಾಲಿಶ್ ಹಾಕಿದ್ದು, ಲೇಸಿನ ಎರಡು ಕುಣಿಕೆಯೂ ಸಮಸಮ, ಅವನೇ, ಮಾರಿಸ್, ಶೋಕಿಲಾಲ ಮಾರಿಸ್, ಗಣಿಗೆ ಇಳಿಯುವ ಬೂಟಿಗೂ ಪಾಲಿಶ್ ಹಾಕುತ್ತಿದ್ದವನು, ಏನೋ ಮಾರಿಸ್, ಕೆಳಗಡೆ ಇಲಿ ಮದುವೆ ಇದೆಯೇನೋ ಅಂತ ನಾವು ಕಿಚಾಯಿಸಿದರೆ, ಹೌದು ಕಣ್ರೋ, ನೀವೂ ಬನ್ನಿ, ಊಟಕ್ಕೆ ನಿಮ್ಮನ್ನೇ ಬಡಿಸ್ತಾರಂತೆ ಅನ್ನುತ್ತಿದ್ದ. ಒಂದು ಕಾಲದಲ್ಲಿ ಅದನ್ನು ನೆನೆಸಿಕೊಂಡು ಗಣಿಗೆ ಇಳಿಸುವ ಪಂಜರದೊಳಗೆ ನಿಂತು ಒಬ್ಬನೇ ನಗುತ್ತಿದ್ದೆ. ಈಗ ಈ ಕೋಣೆಯಲ್ಲಿ ಇರುವುದು ನಾನು, ಅವನು, ತೊಟ್ಟಿಯೊಳಗೆ ಸುತ್ತುತ್ತಿರುವ ಮೀನು, ಅಷ್ಟೇ. ಎಂಬತ್ತನಾಲ್ಕರ ಮುಷ್ಕರದಲ್ಲಿ ಬಿಟ್ಟ ಮಾತು, ಆಗ ನನ್ನ ಕೂದಲು ಕಪ್ಪಗಿತ್ತು, ಆಮೇಲೆ ಬೆಳ್ಳಗಾಯಿತು, ಆಮೇಲೆ ಉದುರಿತು, ಮಾತು ಮಾತ್ರ ಬಿಟ್ಟಿದ್ದು ಬಿಟ್ಟ ಹಾಗೇ ಇದೆ.

ಜೊತೆಗಾರ ಎಂದರೆ ಹೊರಗಿನವರಿಗೆ ಅರ್ಥವಾಗುವುದಿಲ್ಲ, ಆಫೀಸಿನಲ್ಲಿ ಪಕ್ಕದ ಮೇಜಿನವನನ್ನೂ ಜೊತೆಗಾರ ಅನ್ನುತ್ತಾರೆ — ಹ್ಯಾರೋಬಿ ಗಣಿಯಲ್ಲಿ ಜೊತೆಗಾರ ಅಂದರೆ ಒಂದೇ ಪಾಳಿ, ಒಂದೇ ಪಂಜರ, ಒಂದೇ ಸಂದಿಯಲ್ಲಿ ಮಂಡಿಯೂರಿ ಒಂದೇ ಧೂಳು ಕುಡಿಯುವುದು, ಕೊಬ್ಬು ಸವರಿದ ಬ್ರೆಡ್ಡನ್ನು ಡಬ್ಬಿಯಿಂದ ತೆಗೆದು ಕಪ್ಪು ಬೆರಳು ತಾಗಿದ ಮೂಲೆಯನ್ನು ಇಲಿಗೆ ಎಸೆದು ಉಳಿದಿದ್ದನ್ನು ಬದಲಾಯಿಸಿಕೊಂಡು ತಿನ್ನುವುದು, ನಶ್ಯದ ಡಬ್ಬಿ ಒಂದೇ, ಬೈಗುಳ ಬೇರೆ ಬೇರೆ, ಮತ್ತೆ ಪಾಳಿ ಮುಗಿದು ಮೇಲೆ ಬಂದಮೇಲೆ ಬಚ್ಚಲು, ಬಿಳಿ ಹೆಂಚಿನ ಗೋಡೆಯ ಆ ದೊಡ್ಡ ಬಚ್ಚಲು, ಸಾಲಾಗಿ ಶವರು, ಹಬೆಯಲ್ಲಿ ಯಾರಿಗೂ ಮುಖವಿಲ್ಲ, ಕಣ್ಣಿನ ಬಿಳುಪು ಮಾತ್ರ — ಅಲ್ಲಿ ಒಂದೇ ಒಂದು ನಿಯಮ, ನಿನ್ನ ಮುಂದೆ ನಿಂತವನ ಬೆನ್ನನ್ನು ನೀನು ತಿಕ್ಕಬೇಕು, ನಿನ್ನದನ್ನು ನಿನ್ನ ಹಿಂದಿನವನು ತಿಕ್ಕುತ್ತಾನೆ, ಕೇಳುವುದಿಲ್ಲ, ಉಪಕಾರ ಎನ್ನುವುದಿಲ್ಲ, ಪಾಳಿಯೆಲ್ಲ ಅವನ ಜೊತೆ ಕಚ್ಚಾಡಿರು, ಅವನ ಹೆಂಡತಿಯ ಅಣ್ಣನ ಮೂಗು ಒಡೆದಿರು, ಬಚ್ಚಲಿಗೆ ಬಂದಮೇಲೆ ಬೆನ್ನು ಬೆನ್ನೇ. ನಮ್ಮ ತಾತನ ಕಾಲದಲ್ಲಿ ಇದೆಲ್ಲ ಇರಲಿಲ್ಲವಂತೆ, ಮನೆಯಲ್ಲೇ ತಗಡಿನ ತೊಟ್ಟಿ, ತಾತ ಬೆನ್ನಿಗೆ ಮಾತ್ರ ನೀರು ಸೋಕಿಸುತ್ತಿರಲಿಲ್ಲ, ಬೆನ್ನು ತೊಳೆದ್ರೆ ಬಲ ಹೋಗುತ್ತೆ ಕಣೋ ಅನ್ನುತ್ತಿದ್ದ, ಅಜ್ಜಿ ಹಾಸಿಗೆಯ ಮೇಲೆ ಗೋಣಿ ಹಾಸಿ ಗೊಣಗುತ್ತಿದ್ದಳು, ಅದನ್ನು ಮಾರಿಸ್‌ಗೆ ಹೇಳಿದರೆ ಅವನು, ಹಾಗಾದ್ರೆ ನೆವ್, ನನ್ನ ಬಲ ಎಲ್ಲ ನೀನೇ ಉಜ್ಜಿ ಉಜ್ಜಿ ಚರಂಡಿಗೆ ಬಿಟ್ಟಿದ್ದೀಯ ಅಂದ. ಅವನ ಬೆನ್ನು ಅಗಲ, ಎಡಗಡೆ ಭುಜದ ಮೂಳೆ ಸ್ವಲ್ಪ ಎದ್ದಿತ್ತು, ಸೊಂಟದ ಹತ್ತಿರ ಒಂದು ಮಚ್ಚೆ, ನನ್ನ ಹೆಂಡತಿ ಎನಿಡ್‌ಳ ಬೆನ್ನಿಗಿಂತ ಅವನದು ನನಗೆ ಚೆನ್ನಾಗಿ ಗೊತ್ತಿತ್ತು, ಎನಿಡ್ ದೀಪ ಆರಿಸುತ್ತಿದ್ದಳು. ಮೀನೊಂದು ಗಾಜಿಗೆ ಮೂತಿ ಒತ್ತಿ ನಿಂತಿದೆ, ಅದರಾಚೆ ಅವನ ಮುಖ ನೀರಿನಲ್ಲಿ ಅಲ್ಲಾಡುತ್ತಿದೆ, ಎಷ್ಟು ಸಣ್ಣಗಾಗಿದ್ದಾನೆ, ಕೋಟು ಇನ್ಯಾರದ್ದೋ ಹಾಕಿಕೊಂಡು ಬಂದ ಹಾಗಿದೆ.

ನೋಡಬೇಡ ಅಂದೆನಲ್ಲ — ಆ ಭುಜದಿಂದ ಸೊಂಟದವರೆಗೆ ನೀಲಿ ಗೆರೆ ಇದೆ, ಕೋಟಿನ ಒಳಗೆ, ಅಂಗಿಯ ಒಳಗೆ, ಕಾಣದಿದ್ದರೂ ಇದೆ ಎಂದು ನನಗೆ ಗೊತ್ತು, ಅವತ್ತು ಸೂರು ಕುಸಿದಾಗ, ಮೊದಲು ಒಂದು ಚಿಟಿಚಿಟಿ ಸದ್ದು, ಒಣ ಕಡ್ಡಿ ಮುರಿದ ಹಾಗೆ, ಮಾರಿಸ್ ನೆವ್ ಈಚೆ ಬಾ ಎಂದು ಕೂಗಿದ್ದು ಕೇಳಿತು, ಆಮೇಲೆ ಕತ್ತಲಿನ ಮೇಲೆ ಕತ್ತಲು ಬಿತ್ತು, ಬಾಯಿ ತುಂಬ ಧೂಳು, ಕಾಲು ಎಲ್ಲಿದೆಯೆಂದು ಗೊತ್ತಿಲ್ಲ, ಅಮ್ಮಾ ಎಂದು ಕೂಗಿದೆನೋ ಇಲ್ಲವೋ ಗೊತ್ತಿಲ್ಲ, ಕೂಗಿದೆ ಅಂತ ಅವನು ಆಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ — ಉಳಿದವರು ಆನಿಕೆ ಕಂಬ ತರಲು ಓಡಿದರು, ಅದೇ ಸರಿ, ಕಂಬ ಕೊಡದೆ ಕೈ ಹಾಕಬಾರದು, ಇವನು ಕಾಯಲಿಲ್ಲ, ಬರಿಗೈಯಲ್ಲಿ ಕಲ್ಲು ಕೆದರುತ್ತ ಬಂದ, ನಾಯಿ ಮಣ್ಣು ಕೆದರುತ್ತದಲ್ಲ ಹಾಗೆ, ನನ್ನ ಮುಖದ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿ ಸತ್ತಿದ್ದೀಯೇನೋ ಅಂದ, ಇಲ್ಲ ಅಂದೆ, ಹಾಗಾದ್ರೆ ಏಳು, ಪಾಳಿ ಮುಗಿದಿಲ್ಲ ಅಂದ, ಅಷ್ಟರಲ್ಲಿ ಇನ್ನೊಂದು ಚಪ್ಪಡಿ ಇಳಿಯಿತು, ನನ್ನ ಮೇಲೆ ಬೀಳಬೇಕಾದದ್ದು, ನಡುವೆ ಅವನ ಬೆನ್ನಿತ್ತು. ಗಾಯದೊಳಗೆ ಕಲ್ಲಿದ್ದಲ ಪುಡಿ ಕೂತರೆ ಅದು ಮಾಯುವಾಗ ನೀಲಿಯಾಗಿ ಮಾಯುತ್ತದೆ, ನಮ್ಮೆಲ್ಲರಿಗೂ ಒಂದೆರಡು ಇದ್ದೇ ಇವೆ, ಆದರೆ ಅವನದು ಭುಜದಿಂದ ಶುರುವಾಗಿ ಸೊಂಟದವರೆಗೆ ನದಿಯ ಹಾಗೆ ಹೋಗಿತ್ತು, ಮತ್ತೆ ಬಚ್ಚಲಿಗೆ ಬಂದ ದಿನ ನಾನು ಅದರ ಮೇಲೆ ಕೈ ಇಡಲು ಹೆದರಿದೆ, ಜೋರಾಗಿ ಉಜ್ಜೋ ಮಾರಾಯ, ಅದು ಬಣ್ಣ ಬಿಡಲ್ಲ ಅಂದ, ಎಲ್ಲರೂ ನಕ್ಕರು, ನಾನು ನೀರಿನ ಕೆಳಗೆ ನಿಂತು ಅತ್ತೆ, ಶವರಿನಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ಅವನಿಲ್ಲದಿದ್ದರೆ ನಾನಿಲ್ಲ, ಇದನ್ನು ಯಾವತ್ತೂ ಇಲ್ಲವೆಂದಿಲ್ಲ, ನಮ್ಮಣ್ಣ ಸಿರಿಲ್‌ನ ಎದುರಿಗೂ ಇಲ್ಲವೆಂದಿಲ್ಲ.

ಸಿರಿಲ್ — ಗಣಿ ಕಾರ್ಮಿಕರ ಸಂಘ ಅಂದರೆ ಅವನಿಗೆ ಮನೆ, ಮನೆ ಅಂದರೆ ಸಂಘದ ಒಂದು ಶಾಖೆ, ಅಪ್ಪ ಸತ್ತಮೇಲೆ ನನ್ನನ್ನು ಗಣಿಗೆ ಸೇರಿಸಿದವನು, ಮೊದಲ ದಿನ ನನ್ನ ಬೂಟಿನ ಲೇಸು ಬಗ್ಗಿ ತಾನೇ ಕಟ್ಟಿದವನು, ಗಣಿಗಳನ್ನು ಮುಚ್ಚುತ್ತಾರಂತೆ ಎಂದು ಸುದ್ದಿ ಬಂದಾಗ ಸಭೆಯಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತು, ಇವತ್ತು ಅವರ ಗಣಿ, ನಾಳೆ ನಮ್ಮದು, ಈಗ ಕೂತ್ರೆ ಮತ್ತೆ ಏಳೋಕಾಗಲ್ಲ ಅಂದ, ನಾವೆಲ್ಲ ಎದ್ದೆವು, ಮಾರಿಸ್ ಕೂಡ ಎದ್ದ, ಆದರೆ ಮನೆಗೆ ನಡೆಯುವಾಗ, ಓಟು ಹಾಕಿಸ್ಬೇಕಿತ್ತು ನೆವ್, ಕೈ ಎತ್ತೋದು ಬೇರೆ, ದೇಶದ ಎಲ್ಲ ಗಣಿಯವ್ರೂ ಗುಟ್ಟಾಗಿ ಚೀಟಿ ಹಾಕೋದು ಬೇರೆ, ಹಾಕ್ಸಿದ್ರೆ ನಾವೇ ಗೆಲ್ತಿದ್ವಿ, ಆಗ ಹಳ್ಳದ ಆ ಕಡೆಯವ್ರಿಗೆ ಮಾತಾಡೋಕೆ ಬಾಯಿ ಇರ್ತಿರ್ಲಿಲ್ಲ ಅಂದ. ಹಳ್ಳದ ಆ ಕಡೆ ಪಕ್ಕದ ಜಿಲ್ಲೆ, ಅಲ್ಲಿಯವರು ಒಂದು ದಿನವೂ ನಿಲ್ಲಿಸದೆ ಗಣಿಗೆ ಇಳಿಯುತ್ತಿದ್ದರು, ಅವರ ಚಿಮಣಿ ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುತ್ತಿತ್ತು, ಎನಿಡ್ ಪರದೆ ಎಳೆದು ಬಿಡುತ್ತಿದ್ದಳು. ವಸಂತ ಹೋಯಿತು, ಬೇಸಿಗೆ ಹೋಯಿತು, ಯಾರೂ ಕೆಲಸಕ್ಕೆ ಇಳಿಯದ ಹಾಗೆ ಗಣಿಯ ಗೇಟಿನ ಮುಂದೆ ಕಬ್ಬಿಣದ ಪೀಪಾಯಿಯಲ್ಲಿ ಬೆಂಕಿ ಹಾಕಿಕೊಂಡು ಮಾರಿಸ್ ನಾನು ಬೆಳಗಿನ ಜಾವದ ಕಾವಲು, ಎದುರಿಗೆ ಪೊಲೀಸರು, ದೂರದ ಊರಿನ ಹುಡುಗರು, ನಮಗೆ ತಮ್ಮ ಸಂಬಳದ ಕವರು ಅಲ್ಲಾಡಿಸಿ ತೋರಿಸುತ್ತಿದ್ದರು, ಎನಿಡ್ ಸಂಘದ ಸಭಾಂಗಣದಲ್ಲಿ ನೂರಾರು ಮಂದಿಗೆ ಆಲೂಗಡ್ಡೆ ಸುಲಿದು ಸುಲಿದು ಹೆಬ್ಬೆರಳು ಸೀಳಿಕೊಂಡಳು, ಕಲ್ಲಿದ್ದಲ ಊರಿನಲ್ಲಿ ಕಲ್ಲಿದ್ದಲಿಲ್ಲದೆ ಗಣಿಯ ಕಸದ ದಿಬ್ಬ ಕೆದರಿದೆವು, ಬೇಲಿ ಕಿತ್ತೆವು, ಕೊನೆಗೆ ಪಾರಿವಾಳದ ಗೂಡಿನ ಒಂದು ಗೋಡೆಯನ್ನೇ ಒಲೆಗೆ ಹಾಕಿದೆವು — ಪಾರಿವಾಳ ನಮ್ಮಿಬ್ಬರದು, ಪಂದ್ಯಕ್ಕೆ ಬಿಡುವ ಹಕ್ಕಿಗಳು, ಗೂಡಿನ ಬೀಗದ ಕೈ ಅವನ ಹತ್ತಿರ ಇರುತ್ತಿತ್ತು. ನವೆಂಬರಿನ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಬಂದ, ಒಳಗೆ ಬಾರೋ ಅಂದರೆ ಬರಲಿಲ್ಲ, ಎನಿಡ್ ಚಹಾ ಕೊಟ್ಟಳು, ನಿಂತೇ ಕುಡಿದ, ಆ ಬೂದು ಹೆಣ್ಣು ಹಕ್ಕಿ ಕಾಳು ತಿಂತಿಲ್ಲ, ನೋಡ್ಕೋ ಅಂದ, ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದ, ನನಗೆ ಏನೂ ಹೊಳೆಯಲಿಲ್ಲ, ದಡ್ಡ ನಾನು, ಹಕ್ಕಿಯ ಬಗ್ಗೆಯೇ ಯೋಚಿಸುತ್ತಿದ್ದೆ, ಮರುದಿನ ಕಿಟಕಿಗಳಿಗೆ ತಂತಿ ಬಲೆ ಬಡಿದ ಬಸ್ಸು ಗೇಟಿನತ್ತ ಬಂದಾಗ ಬಲೆಯ ಹಿಂದೆ ಅವನ ಮುಖ ಇತ್ತು.

ಹಕ್ಕಳೆ! ಗಾಯದ ಮೇಲೆ ಒಣಗಿ ಕೂರುವ ಹಕ್ಕಳೆ, ಮುಷ್ಕರ ಮುರಿದು ಒಳಗೆ ಹೋಗುವವನಿಗೆ ನಮ್ಮಲ್ಲಿರುವ ಮಾತು ಅದು, ಅದಕ್ಕಿಂತ ಕೆಟ್ಟದ್ದು ನಮ್ಮ ಬಾಯಲ್ಲಿಲ್ಲ, ಸಿರಿಲ್ ಕೂಗಿದ, ಎಲ್ಲರೂ ಕೂಗಿದರು, ನಾನೂ ಕೂಗಿದೆ, ಈಗಲೂ ಕೂಗುತ್ತೇನೆ, ಅಷ್ಟು ಕಾದವನಿಗೆ ಇನ್ನು ಸ್ವಲ್ಪ ಕಾಯಲು ಆಗುತ್ತಿರಲಿಲ್ಲವೇ, ನನ್ನ ಜೊತೆ ಬೆಂಕಿ ಕಾಯಿಸಿದವನು ನನಗೆ ಒಂದು ಮಾತು ಹೇಳದೆ — ಹೇಳಿದ್ದರೆ ಏನು ಮಾಡುತ್ತಿದ್ದೆ, ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ. ಹೆಂಡತಿ ಕಳಿಸಿದಳು ಎಂದರು, ಮಗಳು ಲಿಂಡ್ಸೆಗೆ ಕಾಯಿಲೆ ಎಂದರು, ಓಟು ಹಾಕಿಸದ ಸಿಟ್ಟು ಎಂದರು, ನಾನು ಕೇಳಲಿಲ್ಲ, ಕೇಳಬೇಕೆಂದರೆ ಮಾತಾಡಬೇಕಲ್ಲ. ಮಾರ್ಚಿನಲ್ಲಿ ಸೋತು ವಾಪಸ್ಸಾದೆವು, ಬ್ಯಾಂಡಿನ ಹಿಂದೆ, ಸಂಘದ ಪತಾಕೆಯ ಹಿಂದೆ, ತಲೆ ಎತ್ತಿಕೊಂಡು, ಹೆಂಗಸರು ಕೆಂಪು ಹೂ ಕೊಟ್ಟರು, ಗೆದ್ದವರನ್ನು ಸ್ವಾಗತಿಸುವ ಹಾಗೆ, ಎನಿಡ್ ಅಳುತ್ತಿದ್ದಳು, ಸಿರಿಲ್ ಪತಾಕೆಯ ಕೋಲು ಹಿಡಿದಿದ್ದ, ಅವತ್ತು ಎಲ್ಲರಿಗೂ ಹೇಳಿದ್ದ, ಕೆಳಗೆ ಆ ಹಕ್ಕಳೆಗಳ ಪಕ್ಕದಲ್ಲಿ ಕೆಲ್ಸ ಮಾಡ್ಬೇಕಾಗುತ್ತೆ, ಮಾಡೋಣ, ಸೂರು ಕುಸಿದ್ರೆ ಅವ್ರನ್ನೂ ಎತ್ತೋಣ, ಆದ್ರೆ ಬಚ್ಚಲಲ್ಲಿ ಅವ್ರ ಬೆನ್ನು ಅವ್ರೇ ತಿಕ್ಕೊಳ್ಳಲಿ. ಅದು ನ್ಯಾಯವೆಂದೇ ನನಗೂ ಅನಿಸಿತು. ಪಾಳಿ ಮುಗಿಯಿತು, ವರ್ಷದ ಮೇಲೆ ಮೈಗೆ ಮತ್ತೆ ಕಪ್ಪು ಹತ್ತಿತ್ತು, ಬಚ್ಚಲಿನ ತುಂಬ ಹಬೆ, ಎಲ್ಲರೂ ಒಂದೇ ಬಣ್ಣ, ಯಾರು ಮುಷ್ಕರಕ್ಕೆ ನಿಂತವರು ಯಾರು ಒಳಗೆ ಹೋದವರು ಹೇಗೆ ಗೊತ್ತಾಗಬೇಕು, ಕಣ್ಣಿಗೆ ಸೋಪು ಹೋಗಿತ್ತು, ಮುಂದೆ ಒಂದು ಬೆನ್ನು, ಕೈ ತಾನಾಗಿ ಹೋಯಿತು, ಇಷ್ಟು ವರ್ಷ ಹೋದ ಕೈ, ಬಲಭುಜದಿಂದ ಶುರು ಮಾಡುವುದು ನನ್ನ ರೂಢಿ, ಬಲಭುಜ, ಕೆಳಗೆ, ಸೊಂಟ, ಮತ್ತೆ ಮೇಲೆ, ಎಷ್ಟು ಹಾಯಾಗಿತ್ತು, ಎಲ್ಲ ಮೊದಲಿನ ಹಾಗಾಯಿತು ಎಂದುಕೊಂಡೆ, ಆಮೇಲೆ ನಡುಬೆನ್ನು ದಾಟಿ ಎಡಕ್ಕೆ ಹೋದಾಗ ಹೆಬ್ಬೆರಳಿಗೆ ಆ ಗೆರೆ ಸಿಕ್ಕಿತು. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು. ಕಣ್ಣು ಬಿಟ್ಟೆ, ಬರೀ ನೀರಿನ ಸದ್ದು, ಎದುರಿನ ಸಾಲಿನಲ್ಲಿ ಸಿರಿಲ್ ನನ್ನನ್ನೇ ನೋಡುತ್ತಿದ್ದ, ಮುಖದ ಕಪ್ಪು ಇನ್ನೂ ತೊಳೆದಿರಲಿಲ್ಲ, ಕಣ್ಣು ಮಾತ್ರ, ಆ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ನಾನು ಏನಾದರೂ ಅನ್ನುತ್ತಿದ್ದೆ, ಸಿಟ್ಟಿರಲಿಲ್ಲ, ಪೆಟ್ಟು ತಿಂದ ಹಾಗಿತ್ತು — ಕೈ ಹಿಂದಕ್ಕೆ ಬಂತು, ಸೋಪು ಜಾರಿ ಚರಂಡಿಯ ಕಡೆ ಹೋಯಿತು. ಮಾರಿಸ್ ತಿರುಗಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತೇ ಇದ್ದ, ಬಲಗಡೆ ಬಿಳಿ, ಎಡಗಡೆ ಕಪ್ಪು, ನಡುವೆ ಗೆರೆ ಎಳೆದ ಹಾಗೆ, ನಿಂತಿದ್ದ, ಕಾಯುತ್ತಿದ್ದ, ಸುಮಾರು ಹೊತ್ತು ಕಾದ, ಆಮೇಲೆ ನೀರು ನಿಲ್ಲಿಸಿ ಹಾಗೇ ಹೋಗಿ ಬಿಳಿ ಅಂಗಿ ಹಾಕಿಕೊಂಡ. ಅವತ್ತು ನನ್ನ ಬೆನ್ನನ್ನೂ ಯಾರೂ ತಿಕ್ಕಲಿಲ್ಲ, ನನ್ನ ಹಿಂದೆ ನಿಂತಿದ್ದವನು ಯಾವಾಗಲೋ ಸರಿದುಹೋಗಿದ್ದ, ಮನೆಯಲ್ಲಿ ಎನಿಡ್ ಬಟ್ಟೆ ಒದ್ದೆ ಮಾಡಿ ಒರೆಸುತ್ತ, ಇದೇನು ಹೀಗೇ ಬಂದ್ರಿ, ಬಚ್ಚಲಲ್ಲಿ ಗಂಡಸ್ರು ಇರ್ಲಿಲ್ವಾ ಅಂದಳು, ನಾನು ಹೇಳಿದೆ, ಅವಳು ಬಟ್ಟೆಯನ್ನು ತೊಟ್ಟಿಗೆ ಎಸೆದು, ನಿಮ್ಮೆಲ್ಲರ ಮುಖಕ್ಕಿಷ್ಟು ಬೆಂಕಿ ಹಾಕ, ಅರ್ಧ ಮಾಡೋ ಬದ್ಲು ಮುಟ್ಟದೇ ಇರ್ಬೇಕಿತ್ತು ಅಂದಳು.

ಗಣಿ ಆಮೇಲೆ ಹೆಚ್ಚು ಕಾಲ ಉಳಿಯಲಿಲ್ಲ, ಮುಚ್ಚಿದರು, ನಿಂತವರನ್ನೂ ಮನೆಗೆ ಕಳಿಸಿದರು, ಒಳಗೆ ಹೋದವರನ್ನೂ ಕಳಿಸಿದರು, ಹಳ್ಳದ ಆ ಕಡೆಯವರ ಚಿಮಣಿಯನ್ನೂ ಬೀಳಿಸಿದರು, ಎನಿಡ್ ಪರದೆ ಸರಿಸಿ ನೋಡಿದಳು, ಖುಷಿಯಾಗುತ್ತೆ ಅಂದ್ಕೊಂಡಿದ್ದೆ, ಆಗ್ಲಿಲ್ಲ ಅಂದಳು. ಬಚ್ಚಲಿದ್ದ ಜಾಗದಲ್ಲಿ ಈಗ ಗೋದಾಮು, ಹುಡುಗರು ಹಳದಿ ಅಂಗಿ ಹಾಕಿಕೊಂಡು ರಟ್ಟಿನ ಪೆಟ್ಟಿಗೆ ತುಂಬುತ್ತಾರೆ. ಸಿರಿಲ್ ಎದೆಯಲ್ಲಿ ಧೂಳು ಕಟ್ಟಿ ಹೋದ, ಮೂಗಿಗೆ ನಳಿಗೆ, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕು, ಅಂಥದ್ದರಲ್ಲಿ ನನ್ನ ಕೈ ಹಿಡಿದು, ನಾನು ಹೋದೆ ಅಂತ, ಅವನ ಜೊತೆ, ಮಾತಾಡೋಕೆ ಶುರು ಮಾಡ್ಬೇಡ, ಆಣೆ ಇಡು ಅಂದ, ನನ್ನ ಲೇಸು ಕಟ್ಟಿದ ಕೈ ಅದು, ಏನು ಮಾಡಲಿ, ಆಣೆ ಇಟ್ಟೆ. ಎನಿಡ್ ಹೋದಾಗ ಮಾರಿಸ್ ಸ್ಮಶಾನದ ಗೇಟಿನ ಹತ್ತಿರ ನಿಂತಿದ್ದ, ಟೋಪಿ ಕೈಯಲ್ಲಿ, ಒಳಗೆ ಬರಲಿಲ್ಲ, ನಾನು ನೋಡಿದೆ, ನೋಡಿದ್ದು ಅವನಿಗೂ ಗೊತ್ತಾಯಿತು, ಅಷ್ಟೇ. ಅವನ ಹೆಂಡತಿ ಹೋದಾಗ ನಾನು ಮನೆಯಲ್ಲೇ ಕೂತಿದ್ದೆ, ಟೋಪಿ ಹಾಕಿಕೊಂಡು, ಬೂಟು ಹಾಕಿಕೊಂಡು, ಸಂಜೆಯವರೆಗೆ. ಈಗ ಬೆಳಿಗ್ಗೆ ಎದ್ದರೆ ಟೀವಿ ಹಾಕುತ್ತೇನೆ, ನೋಡಲು ಅಲ್ಲ, ಯಾರಾದರೂ ಮಾತಾಡುತ್ತಿರಲಿ ಎಂದು, ಅಂಗಡಿಗೆ ಹೋದರೆ ಲೆಕ್ಕ ಮಾಡುವುದೂ ಮಷೀನೇ, ಸಾಮಾನು ಚೀಲದೊಳಗೆ ಇಡಿ ಅನ್ನುತ್ತದೆ ಹೆಣ್ಣು ದನಿಯಲ್ಲಿ, ಇಟ್ಟೆ ಕಣಮ್ಮ ಅನ್ನುತ್ತೇನೆ, ಹಿಂದಿನವರು ನಗುತ್ತಾರೆ, ಕೆಲವು ದಿನ ನಾನು ಆಡುವ ಮಾತು ಅದೊಂದೇ. ಉದ್ದ ಹಿಡಿಯ ಬ್ರಶ್ಶು ತಂದಿದ್ದೇನೆ, ಆದರೂ ನಡುಬೆನ್ನಿಗೆ ಎಟುಕುವುದಿಲ್ಲ. ಮೊನ್ನೆಯಿಂದ ಒಂದು ಹೆಸರು ನೆನಪಾಗುತ್ತಿಲ್ಲ, ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಹತ್ತಿರ ಕೂರುತ್ತಿದ್ದನಲ್ಲ, ಒಂದು ಕಿವಿ ಇರಲಿಲ್ಲ, ಚರ್ಚಿನ ಹಾಡು ಹಾಡುತ್ತ ಮಧ್ಯೆ ಮಧ್ಯೆ ಮೇಸ್ತ್ರಿಯನ್ನು ಬೈಯುತ್ತಿದ್ದ, ಅದೇ ರಾಗದಲ್ಲಿ — ಏನವನ ಹೆಸರು, ಹಾಸಿಗೆಯಲ್ಲಿ ಮಲಗಿ ಒಂದೊಂದೇ ಅಕ್ಷರ ಹಿಡಿದು ಹುಡುಕುತ್ತೇನೆ, ಕೇಳಲು ಯಾರಿದ್ದಾರೆ, ನಮ್ಮ ಪಾಳಿಯವರೆಲ್ಲ ಮಣ್ಣಿನೊಳಗೆ ಮತ್ತೆ ಇಳಿದಾಯಿತು, ಈ ಭೂಮಿಯ ಮೇಲೆ ಆ ಹೆಸರು ಗೊತ್ತಿರುವವನು ಒಬ್ಬನೇ, ಮೀನಿನ ತೊಟ್ಟಿಯ ಆಚೆ ಕೂತು ಗಂಟಲು ಕೆರೆದುಕೊಳ್ಳುತ್ತಿದ್ದಾನೆ.

ಬಾಗಿಲು ತೆರೆಯಿತು, ನರ್ಸ್ ಹುಡುಗಿ, ದುಂಡು ಮುಖ, ಮಾರಿಸ್ ಚಿನ್ನ, ಬಂದ್ರಾ, ಇಲ್ಲಿ ನಿಮ್ಮದು ಇದೇ ಕೊನೇ ಸಲ ಅಲ್ವಾ, ಸ್ಕೆಗ್ನೆಸ್‌ಗೆ ಯಾವಾಗ ಅನ್ನುತ್ತಿದ್ದಾಳೆ — ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಚಿನ್ನವೇ, ಬಸ್ಸಿನವನೂ ಅನ್ನುತ್ತಾನೆ — ಏನಂದಳು, ಸ್ಕೆಗ್ನೆಸ್ಸಾ, ಆ ಕಡಲ ತೀರದ ಊರಾ — ಮಾರಿಸ್, ಶನಿವಾರ ಕಣಮ್ಮ, ಮಗಳ ಮನೆ, ಸಮುದ್ರ ಕಾಣೋ ರೂಮು ಕೊಡ್ತಾಳಂತೆ, ಸಮುದ್ರ ಕಟ್ಕೊಂಡು ನಾನೇನು ಮಾಡ್ಲಿ, ಮನೆ ಬೇರೆಯವ್ರಿಗೆ ಕೊಟ್ಟಾಯ್ತು, ಇನ್ನು ಈ ಕಡೆ ಬರೋದಿಲ್ಲ ಅನ್ನುತ್ತಿದ್ದಾನೆ, ಅವಳಿಗೆ ಹೇಳುತ್ತಿದ್ದಾನೋ ನನಗೆ ಹೇಳುತ್ತಿದ್ದಾನೋ, ದನಿ ಸ್ವಲ್ಪ ಜಾಸ್ತಿಯೇ ಏರಿಸಿದ, ಶನಿವಾರ, ಅಂದರೆ ಇವತ್ತು ಬಿಟ್ಟರೆ ಇಲ್ಲ. ನೆವಿಲ್ ನೀವೂ ಬನ್ನಿ, ಅರೆ, ಇಬ್ರೂ ಹ್ಯಾರೋಬಿಯವ್ರೇ, ಗುರ್ತು ಇರ್ಬೇಕಲ್ಲ, ಒಳ್ಳೇದಾಯ್ತು, ಇಲ್ಲಿ ಶರ್ಟು ಬನೀನು ತೆಗ್ದು ಈ ಗೌನು ಹಾಕ್ಕೊಳ್ಳಿ, ಹಿಂದುಗಡೆ ದಾರ ಇದೆ, ಕುತ್ತಿಗೆಗೊಂದು ಸೊಂಟಕ್ಕೊಂದು, ಒಬ್ರಿಗೊಬ್ರು ಕಟ್ಕೊಳ್ಳಿ, ನಾನು ಮಷೀನು ರೆಡಿ ಮಾಡ್ಕೊಂಡು ಬರ್ತೀನಿ — ಪರದೆ ಎಳೆದುಕೊಂಡು ಹೋದಳು. ಎರಡು ಮೊಳೆ, ಒಂದು ಬೆಂಚು. ಅವನು ಕೋಟನ್ನು ಮಡಚಿ ಇಟ್ಟ, ಮಡಿಕೆ ಮುರಿಯದ ಹಾಗೆ, ಅಂಗಿ ತೆಗೆಯಲು ಎಡಗೈ ಎತ್ತಲಾಗುತ್ತಿಲ್ಲ, ನಾನು ಗೋಡೆ ನೋಡುತ್ತಿದ್ದೇನೆ, ಸದ್ದು ಕೇಳಿಸುತ್ತಿದೆ, ಉಸಿರು ಎಳೆದುಕೊಳ್ಳುವುದು, ಗುಂಡಿ ಜಾರುವುದು, ಆಮೇಲೆ ಸದ್ದು ನಿಂತಿತು, ಅವನು ಗೋಡೆಯ ಕಡೆ ತಿರುಗಿ ನಿಂತಿದ್ದಾನೆ, ಗೌನಿನ ಎರಡು ಅಂಚು ಬೇರೆ ಬೇರೆಯಾಗಿ ಜೋತಾಡುತ್ತಿವೆ, ನಡುವೆ ಬೆನ್ನು, ಇದಾ ಆ ಬೆನ್ನು, ಎಲುಬು ಎಲುಬು ಎಣಿಸಬಹುದು, ಸಿಪ್ಪೆ ಸುಲಿದ ಆಲೂಗಡ್ಡೆಯ ಬಿಳುಪು, ಮಚ್ಚೆ ಇದೆ, ಗೆರೆ ಇದೆ, ನೀಲಿ, ಸ್ವಲ್ಪವೂ ಮಾಸಿಲ್ಲ. ಸಿರಿಲ್, ನೀನು ಮಾತಾಡಬೇಡ ಅಂದಿದ್ದು ನಿಜ, ಕೈಯ ಬಗ್ಗೆ ನೀನು ಏನೂ ಅಂದಿರಲಿಲ್ಲ, ಅಂದಿದ್ದೆಯಾ — ಕುತ್ತಿಗೆಯ ದಾರ ಹಿಡಿದೆ, ಗಂಟು ಹಾಕಿದೆ, ಬೆರಳ ಗೆಣ್ಣು ಅವನ ಚರ್ಮಕ್ಕೆ ತಾ‌ಗಿತು, ಅವನು ಬೆಚ್ಚಿದ, ಗೋಡೆಗೆ ಹೇಳಿದ, ನಿನ್ನ ಕೈ ಯಾಕೋ ಇಷ್ಟು ತಣ್ಣಗಿದೆ ನೆವ್. ಅದೇ ದನಿ, ಎಷ್ಟು ಮಾಮೂಲಿಯಾಗಿ, ನಿನ್ನೆ ಪಾಳಿ ಮುಗಿಸಿ ಬಂದವನ ಹಾಗೆ, ನನಗೆ ಏನಾದರೂ ಅನ್ನಬೇಕು, ಅನ್ನಲು ಇಷ್ಟು ವರ್ಷದ್ದು ಇದೆ, ಯಾಕೋ ಹೋದೆ ಎಂದು ಕೇಳಬೇಕು, ಬೂದು ಹಕ್ಕಿ ಆ ವಾರವೇ ಸತ್ತಿತು ಎಂದು ಹೇಳಬೇಕು, ನೀನಿಲ್ಲದೆ ನನಗೆ ಬಹಳ ಕಷ್ಟವಾಯಿತು ಕಣೋ ಎಂದು ಹೇಳಬೇಕು, ಸಿರಿಲ್ ಎದುರಿನ ಸಾಲಿನಲ್ಲಿ ನಿಂತು ನೋಡುತ್ತಿದ್ದಾನೆ, ಮುಖ ತೊಳೆದಿಲ್ಲ, ಪೆಟ್ಟು ತಿಂದ ಕಣ್ಣು, ನನ್ನ ಕೈಯಲ್ಲಿ ಸೊಂಟದ ದಾರ ಇದೆ, ಒಂದು ತುದಿ ಬಲಗೈಯಲ್ಲಿ, ಒಂದು ತುದಿ ಎಡಗೈಯಲ್ಲಿ, ಮೇಲೆ ಮುಚ್ಚಿದೆ, ಕೆಳಗೆ ತೆರೆದಿದೆ, ಪರದೆ ಸರಕ್ಕೆಂದಿತು, ಆಯ್ತಾ, ಮೊದ್ಲು ಮಾರಿಸ್ ಬನ್ನಿ, ಆ ಕಡೆ ಬಾಗಿಲಿಂದ ಹಾಗೇ ಹೊರಗೆ ಕಳಿಸ್ತೀನಿ ಅಂದಳು, ಕೈ ಚಾಚಿದಳು, ಅವನು ಹೊರಡುತ್ತಾನೆ, ಮುಗಿಯಿತು — ಅವನು ಹೊರಡಲಿಲ್ಲ, ತಿರುಗಲೂ ಇಲ್ಲ, ಇರು ಚಿನ್ನ ಅಂದ, ಸ್ವಲ್ಪ ತಡಿ, ಇವನದು ಇನ್ನೂ ಮುಗಿದಿಲ್ಲ, ಅಂದು ಹಾಗೇ ಗೋಡೆಯ ಕಡೆ ಮುಖ ಮಾಡಿ ನಿಂತ, ಕಾಯುತ್ತಿದ್ದಾನೆ, ಹುಡುಗಿ ಕಾಯುತ್ತಿದ್ದಾಳೆ, ದಾರ ನನ್ನ ಕೈಯಲ್ಲಿ, ಬೆನ್ನು ನಿಂತಿದೆ, ಬಲಗಡೆ ಬಿಳಿ, ಎಡಗಡೆ ಕಪ್ಪು, ನಿಂತೇ ಇದೆ, ಬಲಗಡೆ ಬಿಳಿ, ಎಡಗಡೆ